ಕಂಬದ ಪಕ್ಕದ ಚಾಪೆ

ದೆವ್ವ ಬಿಡಿಸುವ ಪಾಸ್ಟರ್ ನಾನಲ್ಲ. ಅಂಥವರ ಕೂಟಕ್ಕೆ ಜನ ಟೆಂಪೋ ಮಾಡಿಕೊಂಡು ಹೋಗುತ್ತಾರೆ. ನನ್ನ ಸಭೆಗೆ ಕಬ್ಬಿಗೆ ನೀರು ಬಿಡುವ ಕೆಲಸ ಇಲ್ಲದಿದ್ದರೆ ಬರುತ್ತಾರೆ. ರಾಯಬಾಗದ ಕಡೆಯಿಂದ ಉಗಾರಕ್ಕೆ ವರ್ಗವಾಗಿ ಬಂದಾಗ ನನಗಿದ್ದ ಹೆಮ್ಮೆ ಒಂದೇ: ಮನೆ ಭೇಟಿ ತಪ್ಪಿಸುವವನಲ್ಲ. ಬೈಕ್ ಮೇಲೆ ಹೋಗುವುದು, ಕೊಟ್ಟ ಚಹಾ ಕುಡಿಯುವುದು, ಮನೆಯವರನ್ನು ಸಾಲಾಗಿ ಕೂರಿಸಿ, ಕಣ್ಣು ಮುಚ್ಚಿ, ಒಬ್ಬೊಬ್ಬರ ತಲೆಯ ಮೇಲೆ ಕೈಯಿಟ್ಟು ಪ್ರಾರ್ಥಿಸುತ್ತ ಮುಂದೆ ಸರಿಯುವುದು. ಕಣ್ಣು ತೆರೆದಿದ್ದರೆ ಗೋಡೆಯ ಹಲ್ಲಿ ಕಂಡು ನನ್ನ ಮನಸ್ಸು ಅದರ ಹಿಂದೆಯೇ ಹೋಗುತ್ತದೆ.

ಹೊಳೆ ದಂಡೆಯ ಆ ಮನೆಗೆ ಮೊದಲ ಸಲ ಹೋದದ್ದು ಮಟಮಟ ಮಧ್ಯಾಹ್ನ. ಹೊರಗೆ ಸಕ್ಕರೆ ಕಾರ್ಖಾನೆಯ ಸಿಹಿ ಕಮಟು ವಾಸನೆ, ಒಳಗೆ ತಂಪು. ಮುದುಕಿ, ಅವಳ ಸೊಸೆ, ಸೊಸೆಯ ಪುಟ್ಟ ಮಗಳು ಚಾಪೆಗಳ ಮೇಲೆ ಕೂತರು. ಕಣ್ಣು ಮುಚ್ಚಿದೆ. ಮುದುಕಿಯ ಸೆರಗು ಹೊದ್ದ ತಲೆ, ಸೊಸೆಯ ಎಣ್ಣೆ ಹಚ್ಚಿದ ತಲೆ, ಮಗುವಿನ ಜಡೆ ಕೈಗೆ ಸಿಕ್ಕವು. ಆಮೇಲೊಂದು ಗಂಡಸಿನ ತಲೆ. ಗಿಡ್ಡ ಕೂದಲು, ಈಗಷ್ಟೇ ಮಿಂದು ಬಂದವನಂತೆ ಒದ್ದೆ. 'ಕರ್ತನೇ, ಈ ಮಗನನ್ನು ಆಶೀರ್ವದಿಸು' ಎಂದೆ. ಆಮೆನ್ ಎಂದು ಕಣ್ಣು ತೆರೆದಾಗ ಕಂಬದ ಪಕ್ಕದ ಆ ಕೊನೆಯ ಚಾಪೆಯ ಮೇಲೆ ಯಾರೂ ಇರಲಿಲ್ಲ.

"ಅಂವ ನಿಮ್ಮ ಕೈಗೆ ಸಿಕ್ಕಾನಲ್ರಿ ಪಾಸ್ಟರ?" ಮುದುಕಿಯ ಮುಖ ಅರಳಿತ್ತು. "ಹಿಂದಿನ ಪಾಸ್ಟರು ಅಲ್ಲಿ ಕೈನ ಚಾಚ್ತಿರಲಿಲ್ರಿ."

ಅವಳ ಮಗ ಹೊಳೆಗೆ ಮಹಾಪೂರ ಬಂದ ವರ್ಷ ಎಮ್ಮೆ ಹೊಡೆದುಕೊಂಡು ಬರಲು ಹೋಗಿದ್ದ. ಎಮ್ಮೆಗಳು ಈಜಿ ಮನೆಗೆ ಬಂದವು. ಅವನು ಬರಲಿಲ್ಲ, ಹೆಣವೂ ಸಿಗಲಿಲ್ಲ. ಅಂದಿನಿಂದ ತಾಯಿ ಆ ಚಾಪೆ ಹಾಸುವುದನ್ನು ಬಿಟ್ಟಿಲ್ಲ. ನನ್ನ ಕೈಯ ಒದ್ದೆ ಬೆವರೇ ಇರಬೇಕು ಎಂದುಕೊಂಡು ಬೈಕ್ ಹತ್ತುವಾಗ ಅಂಗೈ ಮೂಸಿದೆ. ಹೊಳೆಯ ರಾಡಿಯ ವಾಸನೆ. ಕಿಕ್ ಹೊಡೆಯದೆ ರಸ್ತೆಯವರೆಗೆ ಬೈಕ್ ತಳ್ಳಿಕೊಂಡೇ ಹೋದೆ.

ಮುಂದಿನ ಭಾನುವಾರ ಆರಾಧನೆ ಮುಗಿದ ಮೇಲೆ ಸೊಸೆ ಬಾಗಿಲ ಬಳಿ ನಿಂತಳು. ಬೋರಗಾಂವದಲ್ಲಿ ಪವರ್‌ಲೂಮ್ ನಡೆಸುವ, ಹೆಂಡತಿ ತೀರಿಕೊಂಡ, ನಮ್ಮ ವಿಶ್ವಾಸದವನೇ ಒಬ್ಬ ಅವಳನ್ನು ಕೇಳಿದ್ದ. ಮಗುವನ್ನೂ ಕರೆದುಕೊಳ್ಳುತ್ತಾನಂತೆ. ಅವಳಿಗೂ ಮನಸ್ಸಿತ್ತು.

"ಅತ್ತಿ ಒಲ್ಲೆ ಅಂತಾಳ್ರಿ. 'ಗಂಡ ಮನ್ಯಾಗ ಕುಂತಾನ, ಪಾಸ್ಟರ ಕೈ ಇಟ್ಟಾರ, ಎರಡನೇ ಲಗ್ನ ಹೆಂಗ ಆಗ್ತಿ' ಅಂತಾಳ." "ನೀವ ಕಟ್ಟೀರಿ. ನೀವ ಬಿಚ್ಚರಿ."

ಸತ್ತವರಿಗಾಗಿ ಪ್ರಾರ್ಥಿಸುವುದು ನಮ್ಮ ಸಭೆಯ ಪದ್ಧತಿಯಲ್ಲ. ಬದುಕಿದ್ದಾನೆಂದು ಪ್ರಾರ್ಥಿಸಿದರೆ ಈ ಹೆಣ್ಣುಮಗಳ ಬಾಳಿಗೆ ಬೀಗ. ಸತ್ತನೆಂದರೆ ಆ ತಾಯಿಯ ಮಗನನ್ನು ನನ್ನ ಬಾಯಿಂದಲೇ ಕೊಂದ ಹಾಗೆ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂದು ಕೆಲವು ತಿಂಗಳು ಮಗುವಿನ ತಲೆಗೇ ಪ್ರಾರ್ಥನೆ ಮುಗಿಸಿ ಎದ್ದುಬಿಡುತ್ತಿದ್ದೆ. "ಒಬ್ಬನ್ನ ಬಿಟ್ರಿ" ಎಂದು ಮುದುಕಿ ಪ್ರತಿ ಸಲ ನೆನಪಿಸುತ್ತಿದ್ದಳು. ಕಡೆಗೆ ಸೊಸೆ ಫೋನ್ ಮಾಡಿದಳು: "ಬೋರಗಾಂವದವರು ಬ್ಯಾರೆ ಕಡೆ ಹೆಣ್ಣ ನೋಡಾಕತ್ತಾರಂತ್ರಿ."

ಅವತ್ತು ಊಟ ಬಿಟ್ಟು ಹೋದೆ. ಕಣ್ಣು ಮುಚ್ಚಬಾರದೆಂದು ನಿರ್ಧರಿಸಿದ್ದೆ. ಮೂವರ ತಲೆ ಮುಟ್ಟಿ ಕಂಬದ ಕಡೆ ತಿರುಗಿದೆ. ಚಾಪೆ ಖಾಲಿ, ನಡುವೆ ಒಂದಿಷ್ಟು ಒದ್ದೆ. ಕೈ ಚಾಚಿದೆ. ಕೂತ ಮನುಷ್ಯನ ತಲೆ ಇರುವಷ್ಟು ಎತ್ತರದಲ್ಲಿ ಕೈ ತಾನೇ ನಿಂತಿತು. ಅಂಗೈ ಕೆಳಗೆ ಕೂದಲಿತ್ತು. ಕಣ್ಣಿಗೆ ಏನೂ ಕಾಣುತ್ತಿರಲಿಲ್ಲ.

"ಕರ್ತನೇ," ಎಂದೆ. "ಇವನು ನಿನ್ನವನು. ಹೊಳೆ ಬಿಟ್ಟರೂ ನಾವು ಬಿಡಲಿಲ್ಲ. ಇವನನ್ನು ಕರೆದುಕೋ. ಉಳಿದವರು ಬದುಕಲಿ."

ನನ್ನ ಕೈ ಮೇಲೇರತೊಡಗಿತು. ನಾನು ಎತ್ತಲಿಲ್ಲ. ಕೂತವನು ಏಳುವಾಗ ತಲೆ ಏರುವಂತೆ ಮೆಲ್ಲಗೆ ಏರಿ, ನನ್ನ ಎತ್ತರವನ್ನೂ ದಾಟಿತು. ಆಮೇಲೆ ಅಂಗೈ ಕೆಳಗೆ ಏನೂ ಇರಲಿಲ್ಲ.

ಮುದುಕಿ ಕಿರುಚಲಿಲ್ಲ, ಅಳಲಿಲ್ಲ. ಪ್ರಾರ್ಥನೆಯ ನಡುವೆಯೇ ಹೊಸ್ತಿಲಿಗೆ ಹೋಗಿ ಕೂತಿದ್ದ ಮೊಮ್ಮಗಳ ರಟ್ಟೆ ಹಿಡಿದು ಪಕ್ಕಕ್ಕೆ ಸರಿಸಿದಳು.

"ದಾರಿ ಬಿಡವಾ. ನಿಮ್ಮಪ್ಪ ಹೊಂಟಾನ."

ಹೊಳೆಯ ಕಡೆ ನೋಡುತ್ತ ಬಹಳ ಹೊತ್ತು ನಿಂತಳು. ಆಮೇಲೆ ಕಂಬದ ಪಕ್ಕದ ಚಾಪೆ ಎತ್ತಿ ಅಂಗಳದ ಬಿಸಿಲಿಗೆ ಹಾಕಿದಳು. ಅದರ ಮೂಲೆ ಸರಿಪಡಿಸುತ್ತ, ಸೊಸೆಯ ಮುಖ ನೋಡದೆ ಕೇಳಿದಳು:

"ಬೋರಗಾಂವದವ್ರಿಗೆ ಫೋನ್ ಮಾಡಿದಿಯೇನ?"