ಡಾಕ್ಟರರ ಫಟಫಟಿ ಮತ್ತು ನಮ್ಮತ್ತೆಯ ಹುಣಸೆಹಣ್ಣು

ಫಟಫಟಿ ನಮ್ಮ ಮನೆಗೆ ಬಂದ ದಿನ ಅದನ್ನು ನೋಡಿ ನಾನು ಮೂಗು ಮುರಿದೆ. ಅಷ್ಟು ಹೆಸರಿದ್ದ ಮೋಟರ್ ಸೈಕಲ್ಲು ಇಷ್ಟು ಹೊಲಸಾಗಿರುತ್ತದೆಂದು ನಾನು ಅಂದುಕೊಂಡಿರಲಿಲ್ಲ. ದೇವದುರ್ಗದ ಡಾಕ್ಟರರು ಅದರ ಮೇಲೆ ಕೂತು ಗೂಗಲ್ ಎಂಬ ಊರಿನ ಹೊಳೆದಂಡೆಯವರೆಗೂ ರೋಗಿಗಳನ್ನು ನೋಡಲು ಹೋಗುತ್ತಿದ್ದರು. ಹೊಳೆಯ ಉಸುಕು, ಕೆಸರು, ಕೈಬೆವರು ಎಲ್ಲ ಸೇರಿ ಅದರ ಬಿಳಿ ಹೊಳಪನ್ನು ತಿಂದುಹಾಕಿದ್ದವು. ಹಿಡಿಕೆಯ ಮೇಲೆ ಕೆಂಪು ಚುಕ್ಕಿ, ಹೊಗೆಕೊಳವೆಯ ಮೇಲೆ ಕಂದು ಕಲೆ. ಮುಂದಿನ ದೊಡ್ಡ ದೀಪದ ಗಾಜನ್ನು ಹಿಡಿದಿಡಲು ಸುತ್ತ ಒಂದು ಬಳೆ ಇತ್ತು. ಅದರ ಬಿಳಿ ಪದರ ಒಣಗಿದ ಗಾಯದ ಹಕ್ಕಳೆಯ ಹಾಗೆ ಎದ್ದು, ಕೆಳಗಿನ ಹಳದಿ ಅಲ್ಲಲ್ಲಿ ಕಾಣುತ್ತಿತ್ತು. ಆ ಬಿಳಿಗೆ ಕ್ರೋಮ್ ಅನ್ನುತ್ತಾರೆ ಎಂದು ನನ್ನ ಗಂಡ ಹೇಳಿದರು. ನನಗೆ ಅದು ಬೆಳ್ಳಿಯಲ್ಲ ಎಂಬುದಷ್ಟೇ ಅರ್ಥವಾಯಿತು.

ಆಗ ನಾವು ರಾಯಚೂರಿಗೆ ಬಂದು ಹೆಚ್ಚು ದಿನ ಆಗಿರಲಿಲ್ಲ. ಮುಂದೆ ಒಂದು ತಗಡಿನ ಶೆಡ್ಡು, ಹಿಂದೆ ಒಂದು ಕೋಣೆ, ಅದರ ಹಿಂದೆ ಗೇಣಗಲದ ಹಿತ್ತಿಲು. ಶೆಡ್ಡಿನಲ್ಲಿ ನಮ್ಮವರು ಸೈಕಲ್ಲು, ಹೊಲಿಗೆಯಂತ್ರ, ಗ್ಯಾಸ್‌ಲೈಟು ರಿಪೇರಿ ಮಾಡುತ್ತಿದ್ದರು. ಯುದ್ಧದ ಕಾಲ, ಸಾಮಾನು ಸಿಗುತ್ತಿರಲಿಲ್ಲ, ಕೆಲಸವೂ ಅಷ್ಟಕ್ಕಷ್ಟೇ. ಸೊಲ್ಲಾಪುರದ ಗಿರಣಿಯಲ್ಲಿದ್ದ ಅವರ ಚಿಕ್ಕಪ್ಪನ ಮಗ ಬಾ ಬಾ ಎಂದು ಕರೆಯುತ್ತಿದ್ದ. ಅಲ್ಲಿ ಗಂಡಸರು ಒಂದೊಂದು ಖೋಲಿಯಲ್ಲಿ ಗುಂಪಾಗಿ ಇರುತ್ತಾರೆ, ಹೆಂಡತಿಯನ್ನು ಕರೆದುಕೊಂಡು ಹೋಗುವ ಹಾಗಿಲ್ಲ. ಅವರು ಸೊಲ್ಲಾಪುರಕ್ಕೆ ಹೋದರೆ ನಾನು ಮಾನ್ವಿಗೆ, ಅತ್ತೆಯ ಮನೆಗೆ.

ನಮ್ಮತ್ತೆ ಕೆಟ್ಟವಳಲ್ಲ. ನನ್ನ ಮೇಲೆ ಒಂದು ದಿನವೂ ಕೈ ಮಾಡಿದವಳಲ್ಲ. ಆದರೆ ಆ ಮನೆಯಲ್ಲಿ ನಾನು ಮದುವೆಯಾದ ಮೊದಲ ವರ್ಷ ಕಳೆದಿದ್ದೆ. ನಾನು ಬಡಿದ ರೊಟ್ಟಿ ಅವಳಿಗೆ ದಪ್ಪ, ನಾನು ತೊಳೆದ ಗಂಗಾಳ ಮತ್ತೊಮ್ಮೆ ತೊಳೆಯಬೇಕು, ನಾನು ಕಟ್ಟಿದ ಗಂಟು ಬಿಚ್ಚಿ ಮತ್ತೆ ಕಟ್ಟಬೇಕು. ನಾನು ಮಾಡಿದ ಯಾವ ಕೆಲಸವೂ ಆ ಮನೆಯಲ್ಲಿ ಮುಗಿಯುತ್ತಿರಲಿಲ್ಲ. ಅಲ್ಲಿಗೆ ಮತ್ತೆ ಹೋಗಲು ನನಗೆ ಮನಸ್ಸಿರಲಿಲ್ಲ.

ಹಾಗಿರುವಾಗ ಡಾಕ್ಟರರು ಶೆಡ್ಡಿನ ಮುಂದೆ ಫಟಫಟಿ ನಿಲ್ಲಿಸಿ ನಮ್ಮವರಿಗೆ ಹೇಳಿದರು:

"ಇದನ್ನ ಹೊಳಿಯೋ ಹಂಗ ಮಾಡಿಕೊಡು. ಹೈದರಾಬಾದಿಗೆ ಕಳಸತೀನಿ ಅಂದ್ರ ಯುದ್ಧ ಮುಗಿಯೋತನಕ ಮುಟ್ಟಂಗಿಲ್ಲ ಅಂತಾರ ಅಲ್ಲಿಯವರು. ನಮ್ಮ ಬೀಗರಿಗೆ ಬಸ್ಸಿಗೆ ಒಬ್ಬ ಮಿಸ್ತ್ರಿ ಬೇಕಾಗ್ಯಾನ. ನಿನ್ನ ಕೈಗುಣ ನೋಡಿ ಅವರಿಗೆ ಹೇಳತೀನಿ."

ಬೀಗರ ಬಸ್ಸು ರಾಯಚೂರು-ಮಾನ್ವಿ ನಡುವೆ ಓಡುತ್ತಿತ್ತು. ಪೆಟ್ರೋಲು ಇಲ್ಲದ್ದಕ್ಕೆ ಹಿಂದೆ ಒಲೆಯಂಥದ್ದು ಕಟ್ಟಿ, ಇದ್ದಿಲ ಗ್ಯಾಸಿನ ಮೇಲೆ ಓಡಿಸುತ್ತಿದ್ದರು. ಆ ಕೆಲಸ ಸಿಕ್ಕರೆ ಸೊಲ್ಲಾಪುರದ ಮಾತೇ ಇಲ್ಲ. ಅಷ್ಟೇ ನನಗೆ ಬೇಕಾಗಿದ್ದದ್ದು.

ಡಾಕ್ಟರರು ಬಸ್ಸು ಹತ್ತಿ ದೇವದುರ್ಗಕ್ಕೆ ಹೋದರು. ನಾವಿಬ್ಬರೂ ಕೆಲಸಕ್ಕೆ ಕೂತೆವು. ನಮ್ಮವರು ಬಿಳಿ ಸಾಮಾನುಗಳನ್ನು ಒಂದೊಂದೇ ಬಿಚ್ಚಿದರು. ಮೊದಲ ದಿನ ಸೀಮೆಎಣ್ಣೆ ಸವರಿ ಇಟ್ಟು, ಕೆಂಪು ಮೆತ್ತಗಾದ ಮೇಲೆ ಹರಿದ ಕಂಬಳಿಯ ತುಂಡಿನಿಂದ ಒರೆಸಿದೆವು. ಆಮೇಲೆ ಬೂದಿ. ಬೂದಿಯ ವಿಷಯ ನನಗೆ ಬಿಟ್ಟರು. ಭತ್ತದ ಹೊಟ್ಟಿನ ಬೂದಿ ಗೀರುತ್ತದೆ, ಅದು ಬೇಡ. ಸಗಣಿ ಕುಳ್ಳಿನ ಬೂದಿಯನ್ನು ಹಳೆಯ ಧೋತರದಲ್ಲಿ ಸೋಸಿ, ವಿಭೂತಿಯ ಹಾಗೆ ಬೆರಳಿಗೆ ಹತ್ತುವಷ್ಟು ನುಣ್ಣಗಾದದ್ದನ್ನು ಔಡಲ ಎಣ್ಣೆಯಲ್ಲಿ ಕಲಸಿ, ಒಂದೇ ಕಡೆಗೆ ತಿಕ್ಕಬೇಕು. ಹಿಂದೆ ಮುಂದೆ ಎಳೆದಾಡಿದರೆ ಗೆರೆ ಬೀಳುತ್ತದೆ. ಕೊನೆಗೆ ಜೇನುಮೇಣ ಸವರಿ ಬಟ್ಟೆಯಿಂದ ಉಜ್ಜಿದರೆ ನೀರು ನಿಲ್ಲದೆ ಜಾರುತ್ತದೆ. ಹೋದ ಕ್ರೋಮ್ ಇದರಿಂದ ವಾಪಸ್ಸು ಬರುವುದಿಲ್ಲ. ಉಳಿದದ್ದು ಉಳಿದುಕೊಳ್ಳುತ್ತದೆ, ಹೋದ ಜಾಗ ಎದ್ದು ಕಾಣುವುದಿಲ್ಲ. ಹಿಡಿಕೆ ನನ್ನ ಕೈಯಲ್ಲಿ ಚೆನ್ನಾಗಿಯೇ ಬಂತು. ಅದರಲ್ಲಿ ನನ್ನ ಮುಖ ಉದ್ದುದ್ದ, ಸೌತೆಕಾಯಿಯ ಹಾಗೆ ಕಂಡಿತು.

ತಿಕ್ಕಿದ್ದನ್ನೆಲ್ಲ ಗಾಡಿಗೆ ಮತ್ತೆ ಕೂರಿಸಿ, ದೀಪದ ಬಳೆಯನ್ನು ಮಾತ್ರ ನಮ್ಮವರು ಕೊನೆಗೆ ಇಟ್ಟುಕೊಂಡರು. ಎದ್ದ ಪದರವನ್ನು ಮೇಣದಲ್ಲಿ ಕೂರಿಸಿ, ಹೇಗೋ ಕಣ್ಣಿಗೆ ಬಿಳಿ ಕಾಣುವಂತೆ ಮಾಡುವುದು ಅವರ ಲೆಕ್ಕ. ಅದನ್ನು ಬಟ್ಟೆ ಮುಚ್ಚಿ ಬುಟ್ಟಿಯಲ್ಲಿ ಒಳಗಿಟ್ಟರು.

ಅಷ್ಟರಲ್ಲಿ ಅತ್ತೆ ಮಾನ್ವಿಯಿಂದ ಬಂದಳು. ದಸರೆ ಹತ್ತಿರ ಬಂದಿತ್ತು. ದಸರೆಗೆ ನಾವು ಮನೆಯ ಪಾತ್ರೆಪಗಡವನ್ನು ಒಂದೂ ಬಿಡದೆ ಹೊರಗೆ ಹಾಕಿ ತಿಕ್ಕುತ್ತೇವೆ. ನನ್ನ ತಿಕ್ಕುವಿಕೆಯ ಮೇಲೆ ಅವಳಿಗೆ ಭರವಸೆ ಇರಲಿಲ್ಲ, ಅದಕ್ಕೇ ಬಂದದ್ದು. ಅದನ್ನು ಬಾಯಿಬಿಟ್ಟೇ ಹೇಳಿದಳು. ಹೇಳದೆ ಇಟ್ಟುಕೊಳ್ಳುವ ಅಭ್ಯಾಸ ಅವಳಿಗೂ ಇಲ್ಲ, ನನಗೂ ಇಲ್ಲ.

ಮರುದಿನ ನಾನು ಬಾವಿಯಿಂದ ನೀರು ಹೊತ್ತುಕೊಂಡು ಬಂದಾಗ ಹಿತ್ತಿಲಲ್ಲಿ ಪಾತ್ರೆಗಳ ರಾಶಿ ಹೊಳೆಯುತ್ತಿತ್ತು. ಕೊಡ, ತಂಬಿಗೆ, ಚರಿಗೆ, ದೇವರ ತಟ್ಟೆ. ಅವುಗಳ ನಡುವೆ ಒಂದು ಬಂಗಾರದ ಬಳೆ, ತಾಟಿನಷ್ಟು ಅಗಲ. ಕೊಡ ನನ್ನ ಸೊಂಟದಿಂದ ಜಾರಿ ಅರ್ಧ ನೀರು ಚೆಲ್ಲಿತು.

"ಏನ್ ಮಾಡೀರಿ ಅತ್ತಿ ಇದು!"

"ಕಣ್ಣು ಕಾಣಂಗಿಲ್ಲೇನು? ತಿಕ್ಕೀನಿ. ಯಾರೋ ಹುಚ್ಚ ಹಿತ್ತಾಳಿ ಮ್ಯಾಲ ಹೊರಮಗ್ಗಲಿಗಿ ಕಲಾಯಿ ಹೊಡದಾನ. ಕಲಾಯಿ ಎಲ್ಲಿ ಹಾಕತಾರ? ಒಳಗ. ಹುಳಿ ಮುಟ್ಟೋ ಕಡಿ. ಹೊರಗ ಹಾಕಿದ್ರ ಏನುಪಯೋಗ? ಹಂಚಿನ ಚೂರು ತೊಗೊಂಡು ಎಬ್ಬಿಸಿದೆ, ಕಡ್ಲಿ ಸಿಪ್ಪಿ ಬಿಟ್ಟಂಗ ಬಿಡ್ತು. ಆಮ್ಯಾಲ ಹುಣಸಿಹಣ್ಣು, ಇಟ್ಟಂಗಿ ಪುಡಿ. ಹೆಂಗ ಬಂದದ ನೋಡು, ಬಂಗಾರ!"

ಬಂದದ್ದೇನೋ ನಿಜ. ಒಂದು ಚುಕ್ಕಿ ಬಿಳಿ ಉಳಿದಿರಲಿಲ್ಲ.

ನಮ್ಮವರು ಒಳಗೆ ಬಂದು ನೋಡಿದರು. ಬಳೆಯನ್ನು ಎತ್ತಿದರು, ತಿರುಗಿಸಿದರು, ಇಟ್ಟರು.

"ಹೆಂಗದ?" ಅಂದಳು ಅತ್ತೆ.

"ಚಲೋ ಆಗ್ಯದ ಬೇ" ಅಂದರು.

ತಾಯಿಗೆ ತಪ್ಪು ಎಂದು ಹೇಳುವ ಧೈರ್ಯ ಆ ಮನುಷ್ಯನಿಗೆ ಹುಟ್ಟಿದಾಗಿನಿಂದ ಇರಲಿಲ್ಲ. ಹೇಳಿದರೆ ಅವಳು ಉಣ್ಣದೆ ಗಂಟು ಕಟ್ಟಿಕೊಂಡು ಹೋಗಿಬಿಡುತ್ತಾಳೆ, ಮಾನ್ವಿಯ ಓಣಿಯೆಲ್ಲ ಅದೇ ಮಾತಾಗುತ್ತದೆ. ಶೆಡ್ಡಿಗೆ ಬಂದು ನನ್ನ ಹತ್ತಿರ ಸಣ್ಣ ದನಿಯಲ್ಲಿ ಹೇಳಿದರು: "ಮುಗೀತು. ಬೆಳ್ಳಗಿದ್ದದ್ದು ಕೊಟ್ಟು ಹೋಗ್ಯಾರ, ಹಳದಿ ಮಾಡಿ ಹೆಂಗ ಕೊಡಲಿ? ಸೊಲ್ಲಾಪುರಕ್ಕ ಕಾಗದ ಬರಸಬೇಕು."

"ಕಾಗದ ಆಮ್ಯಾಲ ಬರಸೂಣು. ಮೊದಲ ಕಲಾಯಿ ಚಾಚಾನ ಕರೀರಿ" ಅಂದೆ ನಾನು.

ಕಲಾಯಿ ಚಾಚಾ ಎಂದರೆ ನಮ್ಮ ಓಣಿಗೆ ತಿದಿ, ಇದ್ದಿಲು ಹೊತ್ತುಕೊಂಡು ಬಂದು ಪಾತ್ರೆಗಳಿಗೆ ತವರದ ಕಲಾಯಿ ಹಾಕುತ್ತಿದ್ದ ಮುದುಕ. ಬಳೆಯನ್ನು ನೋಡಿ ನಕ್ಕ.

"ಯಾ ಅಲ್ಲಾ, ತಳ ಇಲ್ಲದ ತಾಟು! ಇದರಾಗ ಏನು ಉಣ್ಣತೀರಿ?"

"ಉಣ್ಣಾಕಲ್ಲ ಚಾಚಾ, ಗಾಡೀದು. ಹೊರಗ ಬೆಳ್ಳಗ ಆಗಬೇಕು."

"ಹಾಕತೀನಿ ಬೇಟಿ. ಖರೆ ಕನ್ನಡಿ ಆಗಂಗಿಲ್ಲ, ಹಾಲು ಆಗತದ. ಮುಟ್ಟಿದ್ರ ಮಸಕ ಆಗತದ. ಆಮ್ಯಾಲ ನನಗ ಬೈಬ್ಯಾಡ್ರಿ."

ಮರುದಿನ ಮಧ್ಯಾಹ್ನ ಅತ್ತೆ ಒಳಗೆ ಮಲಗಿದ್ದಾಗ ಆ ಕೆಲಸ ಮಾಡಿಸಿದೆವು. ತಿದಿ ಊದಿ, ಬಳೆ ಕಾಯಿಸಿ, ನವಸಾಗರದ ಪುಡಿ ಹಾಕಿ ಹೊಗೆ ಎಬ್ಬಿಸಿ, ತವರ ಇಟ್ಟು ಅರಳೆಯಿಂದ ಸರ್ರನೆ ಒರೆಸಿದ. ಬೆಳ್ಳಗಾಯಿತು. ಆದರೆ ಅವನು ಹೇಳಿದ ಹಾಗೇ, ಹಾಲಿನ ಬೆಳಕು. ಅರಳೆ ಓಡಿದ ಗೆರೆಗಳು ಅದರ ಮೇಲೆ ಉಳಿದಿದ್ದವು. ಹಿಡಿಕೆಯ ಪಕ್ಕಕ್ಕೆ ಹಿಡಿದು ನೋಡಿದೆವು. ಹಿಡಿಕೆ ಹೊಸ ರೂಪಾಯಿ, ಇದು ಸವೆದ ಕಾಸು. ನಮ್ಮವರು ಬಳೆ ಆರಲಿ ಎಂದು ಹಿತ್ತಿಲ ಗೋಡೆಗೆ ಒರಗಿಸಿಟ್ಟರು. ಸಂಜೆ ಮೇಣ ಉಜ್ಜಿ ನೋಡೋಣ, ಡಾಕ್ಟರರು ಬರಲು ಇನ್ನೂ ದಿನ ಇದೆ ಅಂದರು.

ಡಾಕ್ಟರರು ಅಂದೇ ಬಂದರು. ಯಾರೋ ರೋಗಿಯನ್ನು ರಾಯಚೂರಿಗೆ ಕರೆತಂದವರು, ಹಾಗೇ ಗಾಡಿ ನೋಡಿಹೋಗೋಣ ಎಂದು ಶೆಡ್ಡಿಗೆ ಕಾಲಿಟ್ಟರು. ಹಿಡಿಕೆ ನೋಡಿದರು, ಹೊಗೆಕೊಳವೆ ನೋಡಿದರು, ಬೆರಳು ಎಳೆದು ನೋಡಿದರು. "ಭೇಷ್" ಅಂದರು. ಆಮೇಲೆ ಒಂದು ಕಣ್ಣು ಕಿತ್ತ ಹಾಗೆ ನಿಂತಿದ್ದ ದೀಪ ನೋಡಿ, "ಇದರ ಬಳೆ ಎಲ್ಲಿ?" ಅಂದರು.

"ತರತೀನ್ರೀ" ಎಂದು ನಮ್ಮವರು ಹಿತ್ತಿಲಿಗೆ ಹೋದರು. ಹೋದ ಮನುಷ್ಯ ಬರಲಿಲ್ಲ. ಬಂದದ್ದು ದನಿ. ಮದುವೆಯಾದಾಗಿನಿಂದ ನಾನು ಕೇಳಿರದ ದನಿ.

"ಬಿಡ ಬೇ! ಬಿಡು ಅದನ್ನ! ಮತ್ತ ತಿಕ್ಕಾಕತ್ತೀಯಲ್ಲ!"

ನಾನು ಓಡಿದೆ. ಅತ್ತೆ ಬಳೆಯನ್ನು ತೊಡೆಯ ನಡುವೆ ಹಿಡಿದು ಕೂತಿದ್ದಳು, ಕೈತುಂಬ ಹುಣಸೆಹಣ್ಣು, ಮಗ್ಗುಲಿಗೆ ಇಟ್ಟಿಗೆ ಪುಡಿ. ನಿದ್ದೆಯಿಂದ ಎದ್ದು ಬಂದು ನೋಡಿದ್ದಾಳೆ, ತಾನು ತಿಕ್ಕಿದ ಬಳೆ ಮತ್ತೆ ಬೆಳ್ಳಗಾಗಿದೆ. ಕೂತುಬಿಟ್ಟಿದ್ದಾಳೆ. ತವರ ಮೆತ್ತಗಿನದು, ಸರಿ ಅರ್ಧ ಹೋಗಿತ್ತು.

"ಆ ಕಲಾಯಿಯವ ನಿನ್ನ ಹುಚ್ಚನ ಮಾಡಿ ಹೋಗ್ಯಾನ. ಮತ್ತ ಹೊರಗ ಹಾಕ್ಯಾನ ನೋಡು!"

"ನಾನ ಹಾಕಸೀನಿ ಬೇ! ಅದು ಬೆಳ್ಳಗ ಇರಬೇಕು! ನೀ ತಿಕ್ಕಿ ಕೆಡಸೀದಿ! ನನ್ನ ನೌಕರಿ ಹೋತು!"

ಅತ್ತೆಯ ಕೈ ನಿಂತಿತು. ಮಗನ ಮುಖ ನೋಡಿದಳು, ನನ್ನ ಮುಖ ನೋಡಿದಳು.

"ಹಂಗಾದ್ರ ನಿನ್ನಿನ ಹೇಳಬೇಕಿಲ್ಲೇನು? ಬಾಯಾಗ ಏನಿಟಗೊಂಡಿದ್ದಿ? ಚಲೋ ಆಗ್ಯದ ಅಂದವ ಯಾರು?"

ನನ್ನ ಬೆನ್ನ ಹಿಂದೆ ಡಾಕ್ಟರರು ಬಂದು ನಿಂತಿದ್ದರು. ಯಾವಾಗ ಬಂದರೋ, ಎಷ್ಟು ಕೇಳಿಸಿಕೊಂಡರೋ ಗೊತ್ತಿಲ್ಲ. ಮುಂದೆ ಬಂದು ಕೈ ಚಾಚಿದರು. ಅತ್ತೆ ಬಳೆಯನ್ನು ನೀರಲ್ಲಿ ಅದ್ದಿ, ಸೆರಗಿನಿಂದ ಒರೆಸಿ ಕೊಟ್ಟಳು. ಅವರು ಅದನ್ನು ಬಿಸಿಲಿಗೆ ಹಿಡಿದು ತಿರುಗಿಸಿದರು. ಅರ್ಧ ಹಾಲು, ಅರ್ಧ ಬಂಗಾರ. ನಾನು ಮನಸ್ಸಿನಲ್ಲೇ ಮಾನ್ವಿಯ ಗಂಟು ಕಟ್ಟತೊಡಗಿದ್ದೆ.

"ಇದರಾಗ ಯಾವ ಕಡಿ ಕೆಲಸ ಮುಗದದ, ಯಾವ ಕಡಿ ಮುಗದಿಲ್ಲ?" ಎಂದು ಕೇಳಿದರು.

ನಮ್ಮವರು ಬಾಯಿ ತೆರೆಯುವಷ್ಟರಲ್ಲಿ ಅತ್ತೆ ಹೇಳಿದಳು:

"ಹಳದಿ ಕಡಿ ಮುಗದದ್ರೀ. ಬಿಳಿ ಕಡಿ ಇನ್ನೂ ಆಗಬೇಕು. ನೀವು ಕೆಲಸದ ನಡುವ ಬಂದ್ರಿ."

"ಹಂಗಾದ್ರ ಮುಗಸ್ರಿ. ನಾ ಕೂಡತೀನಿ" ಅಂದರು. ಬೋರಲು ಹಾಕಿದ್ದ ಬುಟ್ಟಿಯ ಮೇಲೆ ಹಾಗೇ ಕೂತರು.

ಅತ್ತೆ ಮುಗಿಸಿದಳು. ನಮ್ಮವರು ಬಳೆಯನ್ನು ಒರೆಸಿ, ಮೇಣ ಹಚ್ಚಿ, ದೀಪಕ್ಕೆ ಕೂರಿಸಿದರು. ಒಂದು ತಿರುಪು ಕೆಳಗೆ ಬಿತ್ತು, ನಾನು ಹುಡುಕಿಕೊಟ್ಟೆ. ಕಪ್ಪು ಟ್ಯಾಂಕಿನ ಮುಂದೆ ಹಳದಿ ಬಳೆ ಹಣೆಗೆ ಭಂಡಾರದ ಅರಿಶಿನ ಹಚ್ಚಿದ ಹಾಗಿತ್ತು. ಡಾಕ್ಟರರು ದೂರ ಹೋಗಿ ನಿಂತು ನೋಡಿದರು, ಹತ್ತಿರ ಬಂದು ನೋಡಿದರು.

ಆಗ ನಮ್ಮವರು ಬಾಯಿಬಿಟ್ಟರು. "ಸಾಹೇಬ್ರ, ಹೇಳಿಬಿಡತೀನಿ. ಅದು ಮೊದಲಿನಂಗ ಬಿಳಿ ಆಗಂಗಿಲ್ಲ. ಮತ್ತ ಹಂಗ ಬಿಟ್ರ ಕಪ್ಪಾಗತದ. ಆಗಾಗ ತಿಕ್ಕತಿರಬೇಕು."

"ಮನ್ಯಾಗ ಹಿತ್ತಾಳಿ ದೇವರನ್ನ ತಿಕ್ಕತಾರಲ್ಲ, ಅದರ ಜೋಡಿ ಇದನ್ನೂ ತಿಕ್ಕತಾರ" ಅಂದರು ಡಾಕ್ಟರರು. ಆಮೇಲೆ ಹೊಗೆಕೊಳವೆಯ ಹತ್ತಿರ ಬಗ್ಗಿ, ಅತ್ತೆಯ ಕಡೆ ತಿರುಗಿದರು. "ಯವ್ವಾ, ಇದೂ ಹಳದಿ ಆಗತದೇನು ನೋಡ್ರಿ."

ಅತ್ತೆ ಸೆರಗು ಸಿಕ್ಕಿಸಿಕೊಂಡು ಎದ್ದೇಬಿಟ್ಟಳು. ನಾವಿಬ್ಬರೂ ಒಟ್ಟಿಗೆ ಕೂಗಿದೆವು: "ಅದು ಕಬ್ಬಿಣ!"

ಡಾಕ್ಟರರು ನಗುತ್ತ ಒದ್ದು ಸ್ಟಾರ್ಟು ಮಾಡಿದರು. ಓಣಿಯ ಕೋಳಿಗಳೆಲ್ಲ ದಿಕ್ಕಾಪಾಲಾದವು. ಅವರಿಗೆ ನಿಜವಾಗಿ ಹಳದಿ ಇಷ್ಟವಾಯಿತೋ, ಆ ಹಿತ್ತಿಲಲ್ಲಿ ನಮ್ಮ ಮುಖ ನೋಡಿ ಹಾಗಂದರೋ ನಾನು ಕೇಳಲಿಲ್ಲ. ಕೇಳಿ ಏನಾಗಬೇಕಿತ್ತು? ಅಲ್ಲಿಂದ ಅವರು ನೇರ ಬೀಗರ ಮನೆಗೆ ಹೋದರು. ಮರುದಿನ ಬಸ್ಸಿನ ಕ್ಲೀನರು ಬಂದು, ಮಾಲಕರು ಕರೆಯುತ್ತಾರೆ ಎಂದು ನಮ್ಮವರನ್ನು ಕರೆದುಕೊಂಡು ಹೋದ. ಸಂಜೆ ಅವರು ತಲೆಯಿಂದ ಕಾಲತನಕ ಇದ್ದಿಲ ಮಸಿಯಾಗಿ ಬಂದರು. ಆ ಮಸಿ ನೋಡಿ ನನಗೆ ಆದ ಸಮಾಧಾನ ಯಾವ ಒಡವೆ ಕಂಡರೂ ಆಗಿಲ್ಲ.

ಅತ್ತೆ ಮುನಿಸಿಕೊಳ್ಳಲಿಲ್ಲ. ತಾನು ತಿಕ್ಕಿದ್ದರಿಂದಲೇ ಮಗನಿಗೆ ನೌಕರಿಯಾಯಿತೆಂದು ಓಣಿಯಲ್ಲಿ ಹೇಳಿಕೊಂಡು ಬಂದಳು. ನಾವು ಇಲ್ಲ ಅನ್ನಲಿಲ್ಲ. ಹಬ್ಬಕ್ಕೆ ಮೊದಲೇ ಮಾನ್ವಿಯ ಮನೆಯ ಪಾತ್ರೆ ತಿಕ್ಕಬೇಕೆಂದು ಹೊರಟಳು. ಬಸ್ಸಿನ ಹಿಂದೆ ನಮ್ಮವರು ಒಲೆಗೆ ಇದ್ದಿಲು ತುಂಬಿ ಗಾಳಿಚಕ್ರ ತಿರುವುತ್ತಿದ್ದರು. ಅವಳು ಕಿಟಕಿಯಿಂದ ಮುಖ ಹೊರಗೆ ಹಾಕಿದಳು.

"ನೀ ಹತ್ತಂಗಿಲ್ಲೇನು?"

"ಇಲ್ಲ ಅತ್ತಿ."

"ಹೂಂ. ರೊಟ್ಟಿ ತೆಳ್ಳಗ ಬಡಿ. ದಿನಾ ದುಡಿಯೋ ಮನಷ್ಯಾ."

"ಬಡೀತೀನ್ರಿ" ಅಂದೆ.

ಬಸ್ಸು ಕೆಮ್ಮುತ್ತ, ಹೊಗೆ ಬಿಡುತ್ತ ಹೋಯಿತು. ನಾನು ಮನೆಗೆ ಬಂದು ಬಾಗಿಲು ಮುಂದೆ ಮಾಡಿ, ನಡುಹಗಲಿನಲ್ಲೇ ಚಾಪೆ ಹಾಸಿಕೊಂಡು ಮಲಗಿದೆ. ಒಳ್ಳೆಯ ನಿದ್ದೆ ಬಂತು.