ಅಪ್ಪನ ಕಿವಿ ತಿಂದ ಎಂಜಿನ್

ನಾನು ಹೊರ್ತಿಯ ಸಾಲಿಯಲ್ಲಿ ನಾಲ್ಕನೆಯ ಇಯತ್ತೆ ಓದುತ್ತಿದ್ದ ದಿನಗಳವು. ಗೆಳತಿಯರ ಅಪ್ಪಂದಿರು ಎತ್ತು, ಬಾವಿ, ಬಿಳಿಜೋಳದ ಮಾತಾಡಿದರೆ ನನ್ನ ಅಪ್ಪ ಜೆಟ್ ಎಂಜಿನ್ನಿನ ಮಾತಾಡುತ್ತಿದ್ದ. ಅವನು ವಾಯುಪಡೆಯಲ್ಲಿ ಫಿಟ್ಟರ್ ಆಗಿದ್ದವನು. ಮಹಾಯುದ್ಧ ಮುಗಿದ ಹೊಸದರಲ್ಲಿ ಹೊರದೇಶದವರು ಮಾಡಿದ ಎಂಜಿನ್ನದು. ಅದನ್ನು ಬಿಚ್ಚಿ, ಜೋಡಿಸಿ, ಕಬ್ಬಿಣದ ಚೌಕಟ್ಟಿಗೆ ಬಿಗಿದು, ಪೂರ್ತಿ ವೇಗಕ್ಕೆ ಏರಿಸಿ ಪರೀಕ್ಷೆ ಮಾಡುವುದು ಅವನ ಕೆಲಸವಾಗಿತ್ತು.

"ಮುಂದ ನಿಂತ್ರ ಎದಿಗೂಡ ನಡಗತಿತ್ತು ನೋಡವಾ. ಒಮ್ಮಿ ಕರಕೊಂಡ ಹೋಗಿ ತೋರಸ್ತೇನಿ" ಅನ್ನುತ್ತಿದ್ದ.

ಕಿವಿಗೆ ಹತ್ತಿ ತುರುಕಿಕೊಂಡು ಅಷ್ಟು ವರ್ಷ ಅದರ ಪಕ್ಕ ನಿಂತಿದ್ದಕ್ಕೆ ಪಿಂಚಣಿಯ ಜೊತೆ ಕಿವುಡೂ ಬಂದಿತ್ತು. ಅದು ಮನೆಯ ಮೂವರಿಗಷ್ಟೇ ಗೊತ್ತು. ಅಪ್ಪ ಎದುರಿನವರ ತುಟಿ ನೋಡಿ ಹೇಗೋ ಸಂಭಾಳಿಸುತ್ತಿದ್ದ. ಮನೆಯೊಳಗೆ ನಾವು ಗಂಟಲು ಹರಿಯುವಂತೆ ಮಾತಾಡುತ್ತಿದ್ದೆವು. ಓಣಿಯವರು ನಮ್ಮದು ಜಗಳಗಂಟರ ಮನೆ ಎಂದುಕೊಂಡಿದ್ದರು, ಅವ್ವ ಹಾಗೇ ಅಂದುಕೊಳ್ಳಲಿ ಎಂದು ಬಿಟ್ಟಿದ್ದಳು. "ಕೆಪ್ಪನ ಗಿರಣಿಗೆ ಯಾರ ಬರ್ತಾರ? ಬಾಯಿ ಬಿಚ್ಚೀದಿ ಅಂದ್ರ ನೋಡು" ಎಂದು ನನಗೆ ಗದರಿದ್ದಳು.

ಊರಿಗೆ ಬಂದು ಅಪ್ಪ ಹಾಕಿದ್ದು ಹಿಟ್ಟಿನ ಗಿರಣಿ. ಹಿಂದಿನ ಕೋಣೆಯಲ್ಲಿ ಡೀಸೆಲ್ ಎಂಜಿನ್, ಮುಂದಿನ ಕೋಣೆಯಲ್ಲಿ ಬೀಸುವ ಕಲ್ಲು. ನಡುಗೋಡೆಯ ಕಿಂಡಿಯಿಂದ ಅಗಲವಾದ ಪಟ್ಟಾ ಹಾದು ಕಲ್ಲನ್ನು ತಿರುಗಿಸುತ್ತಿತ್ತು. ಬಿಸಿ ಹಿಟ್ಟಿನ ವಾಸನೆಗೆ ನನಗೆ ಯಾವಾಗಲೂ ಹಸಿವಾಗುತ್ತಿತ್ತು. ಅಪ್ಪ ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿಗೆ ಹಚ್ಚಿ, ಅದರ ಕಟ್ಟಿಗೆ ಹಿಡಿಕೆಯನ್ನು ದವಡೆಯ ಎಲುಬಿಗೆ ಒತ್ತಿಕೊಂಡು, ಕಣ್ಣು ಮುಚ್ಚಿ ಕೂರುತ್ತಿದ್ದ. "ಕಿವಿ ಹೋದ್ರೇನು, ಎಲುಬಿಗೆ ಕೇಳಸ್ತೈತಿ" ಎಂದು ನನ್ನ ದವಡೆಗೂ ಇಡುತ್ತಿದ್ದ. ಹಲ್ಲಿನೊಳಗೆಲ್ಲ ಧಡಧಡ ಅನ್ನುತ್ತಿತ್ತು.

ಮಂದಿಯ ದನಿ ಮಾತ್ರ ಎಲುಬಿಗೆ ಕೇಳಿಸುವುದಿಲ್ಲ. ಅದಕ್ಕೇ ಸಾಲಿ ಬಿಟ್ಟ ಮೇಲೆ ನಾನು ಎರಡು ಕೋಣೆಗಳ ನಡುವಿನ ಬಾಗಿಲಲ್ಲಿ ಚೀಲದ ಮೇಲೆ ಕೂರಬೇಕಿತ್ತು. ಯಾರಾದರೂ ಕರೆದರೆ ಅಪ್ಪನ ಮೊಣಕೈ ಒಮ್ಮೆ ಮುಟ್ಟುವುದು. ಎರಡು ಸಲ ಮುಟ್ಟಿದರೆ ಎಂಜಿನ್ ಬಂದ್ ಮಾಡು ಅಂತ.

ಎಳ್ಳಮಾವಾಸಿಯ ಹಿಂದಿನ ದಿನ. ಮರುದಿನ ಹೊಲಕ್ಕೆ ಅಡುಗೆ ಒಯ್ದು ಭೂತಾಯಿಗೆ ಚರಗ ಚೆಲ್ಲಬೇಕು, ಮನೆಮನೆಗೂ ಸಜ್ಜೆಯ ಹಿಟ್ಟು ಬೇಕು. ಗಿರಣಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಜೈತೂನ್ ಹೊರಗೆ ನಿಂತು ಕೈ ಮಾಡಿದಳು. ಅವಳು ನನ್ನ ಜೊತೆ ಗಜಗ ಆಡುವವಳು, ಒಂದೇ ಇಯತ್ತೆ, ಒಂದೇ ಓಣಿ. ಅವಳವ್ವ ಹುಸೇನಬಿ ಚಾಚಿ ಸಜ್ಜೆಯ ಬುಟ್ಟಿ ಹಿಡಿದು ಪಾಳಿಯಲ್ಲಿದ್ದಳು.

"ನಮ್ಮ ಹೊಲದಾಗ ಸೀತನಿ ಸುಡಾಕತ್ತಾರ. ಬರ್ತೀ ಏನ?" ಜೈತೂನ್ ನುಸುಳಿ ಬಂದು ನನ್ನ ಕಿವಿಯಲ್ಲಿ ಕೇಳಿದಳು.

"ಅಪ್ಪ ಬಯ್ತಾನ."

"ಒಂದ ಮುಕ್ಕ ತಿಂದ ಓಡಿ ಬರೂನು ಬಾ."

ಅಪ್ಪನ ಬೆನ್ನು ನಮ್ಮ ಕಡೆಗಿತ್ತು, ಕಣ್ಣು ಮುಚ್ಚಿತ್ತು. ನಾನು ಎದ್ದು ಹೋದೆ.

ಕುಳ್ಳಿನ ಕೆಂಡದಲ್ಲಿ ಸುಟ್ಟ ಜೋಳದ ಎಳೆ ತೆನೆ, ಅಂಗೈಯಲ್ಲಿ ತಿಕ್ಕಿದರೆ ಹಸಿರು ಕಾಳು, ಮೇಲೆ ಶೇಂಗಾ ಚಟ್ನಿ. ಒಂದು ಮುಕ್ಕು ಐದಾಯಿತು. ತುಟಿ ಮಸಿಯಾಗಿ ನಗುತ್ತ ಬರುತ್ತಿದ್ದಾಗಲೇ ಗಿರಣಿಯ ಮುಂದೆ ಜನ ಕಂಡರು. ಎಂಜಿನ್ ನಿಂತಿತ್ತು.

ಚೆಲ್ಲಿದ ಸಜ್ಜೆ ಬಳಿಯಲು ಚಾಚಿ ಬಗ್ಗಿದ್ದಳಂತೆ. ಸೆರಗು ಪಟ್ಟಾಕ್ಕೆ ಸಿಕ್ಕಿತಂತೆ. ಬಿಡಿಸಿಕೊಳ್ಳಲು ಹೋದ ಬಲಗೈಯನ್ನೂ ಅದು ಎಳೆದುಕೊಂಡಿತ್ತು. ಮುಂದಿನ ಕೋಣೆಯವರೆಲ್ಲ ಒದರಿದರೂ ಅಪ್ಪ ಅಲುಗಲಿಲ್ಲ. ಯಾರೋ ಒಳಗೆ ನುಗ್ಗಿ ಭುಜ ಹಿಡಿದು ಅಲುಗಿಸಿದ ಮೇಲೆಯೇ ತಿರುಗಿದ್ದು. ದವಾಖಾನೆಯಲ್ಲಿ ಮೊಣಕೈಯ ಮೇಲಿನವರೆಗೆ ಕೈ ತೆಗೆದು ಚಾಚಿಯನ್ನು ಉಳಿಸಿದರು.

ಚಾವಡಿಯಲ್ಲಿ ಹಿರಿಯರು ಸೇರಿದರು. ನಾನು ಅವ್ವನ ಹಿಂದೆ, ಜೈತೂನ್ ಎದುರಿನ ಕಂಬದ ಪಕ್ಕ.

"ಅಷ್ಟ ಮಂದಿ ಒದರಿದ್ರೂ ನಿನಗ ಕೇಳಸಲಿಲ್ಲೇನೋ?" ಎಂದು ಒಬ್ಬರು ಕೇಳಿದರು. ಅಪ್ಪ ಅವರ ತುಟಿಯನ್ನೇ ನೋಡುತ್ತಿದ್ದ.

"ನಾ ಕೆಪ್ಪ ಅದೀನ್ರಿ" ಅಂದ. ಅಷ್ಟು ವರ್ಷ ಮುಚ್ಚಿಟ್ಟಿದ್ದನ್ನು ಊರ ನಡುವೆ ಹಾಗೆ ಹೇಳಿಬಿಟ್ಟ.

"ಮತ್ತ ನಿನ್ನ ಮಗಳು ದಿನಾ ಬಾಗಲದಾಗ ಕುಂದರತಿದ್ಲಲ್ಲ? ಅವತ್ತ ಎಲ್ಲಿ ಹೋಗಿದ್ಲು?"

"ನಾನ ಕಳಿಸಿದ್ದೆ. ಹೋಗಿ ಸೀತನಿ ತಿನ್ನು ಅಂತ ನಾನ ಕಳಿಸಿದ್ದೆರಿ. ತಪ್ಪು ನಂದು."

ಅವನು ಕಳಿಸಿರಲಿಲ್ಲ. ಅದು ನನಗೆ ಗೊತ್ತಿತ್ತು, ಕರೆದ ಜೈತೂನಳಿಗೂ ಗೊತ್ತಿತ್ತು. ಅವಳು ನನ್ನನ್ನು ನೋಡಿದಳು, ನಾನು ಅವಳನ್ನು ನೋಡಿದೆ. ಇಬ್ಬರೂ ಬಾಯಿ ತೆರೆಯಲಿಲ್ಲ.

ಅಪ್ಪ ಗಿರಣಿಗೆ ಕೀಲಿ ಹಾಕಿದ. ಸಾಯುವವರೆಗೂ ಊರಿಗೆಲ್ಲ ಅವನು ಕೆಪ್ಪನೇ. ನನಗೆ ಒಂದು ಮಾತು ಬಯ್ಯಲಿಲ್ಲ. ಬಯ್ದಿದ್ದರೆ ಚೆನ್ನಾಗಿತ್ತು ಎಂದು ಇವತ್ತಿಗೂ ಅನಿಸುತ್ತದೆ. ಅತ್ತ ರೊಟ್ಟಿ ಬಡಿಯಲು ಎರಡು ಕೈ ಬೇಕು, ಚಾಚಿಗೆ ಒಂದೇ ಉಳಿದಿತ್ತು. ಜೈತೂನ್ ಸಾಲಿ ಬಿಟ್ಟಳು. ನಾನು ಪಾಟಿಚೀಲ ಹೊತ್ತು ಅವರ ಮನೆಯ ಮುಂದೆ ಹಾಯುವಾಗ ರೊಟ್ಟಿ ಬಡಿಯುವ ಸಪ್ಪಳ ಕೇಳುತ್ತಿತ್ತು. ಅವು ಚಿಕ್ಕ ಕೈಗಳೆಂದು ತಿಳಿಯುತ್ತಿತ್ತು. ಆಮೇಲೆ ನಾವು ಗಜಗ ಆಡಲಿಲ್ಲ.

ಜೈತೂನ್ ಹೋದ ವರ್ಷ ತೀರಿಕೊಂಡಳು. ಹೋದ ತಿಂಗಳು ನಾನು ವಿಮಾನಗಳ ವಸ್ತುಸಂಗ್ರಹಾಲಯವೊಂದಕ್ಕೆ ಹೋಗಿದ್ದೆ. ಅಲ್ಲಿ ಅಪ್ಪನ ಎಂಜಿನ್ ಇತ್ತು. ಒಳಗಿನ ಎಲೆಯಂಥ ಅಲಗುಗಳು ಕಾಣಲೆಂದು ಒಂದು ಮಗ್ಗುಲನ್ನು ಕೊಯ್ದು, ಕೆಂಪು ಬಣ್ಣ ಬಳಿದು, ಸುತ್ತ ಹಗ್ಗ ಕಟ್ಟಿದ್ದರು. ಅದು ಎಷ್ಟು ವಿಮಾನಗಳನ್ನು ಎತ್ತಿತೆಂದು ಫಲಕದಲ್ಲಿ ಬರೆದಿತ್ತು. ಯಾರ ಕಿವಿ ತಿಂದಿತೆಂದು ಬರೆದಿರಲಿಲ್ಲ. ತೋರಿಸುತ್ತೇನೆಂದವನು ಇರಲಿಲ್ಲ.

ಹಗ್ಗದ ಮೇಲಿಂದ ಬಗ್ಗಿ ದವಡೆ ಹಚ್ಚಿದೆ. ಕಬ್ಬಿಣ ತಣ್ಣಗಿತ್ತು. ಎಲುಬಿಗೆ ಏನೂ ಕೇಳಿಸಲಿಲ್ಲ.

"ಅಪ್ಪಾ, ನೀ ಕಳಿಸಿದ್ದಿಲ್ಲ. ನಾನ ಎದ್ದ ಹೋಗಿದ್ದೆ" ಅಂದೆ.

ಅಲ್ಲಿಗೆ ಬಂದಿದ್ದ ಯಾವುದೋ ಸಾಲಿಯ ಮಕ್ಕಳೆಲ್ಲ ತಿರುಗಿ ನೋಡಿದರು, ಕಾವಲುಗಾರ ಓಡಿ ಬಂದ. ನಮ್ಮ ಮನೆಯಲ್ಲಿ ಮಾತಾಡುತ್ತಿದ್ದಷ್ಟು ಜೋರಾಗಿ ಹೇಳಿಬಿಟ್ಟಿದ್ದೆ.