ಕನ್ನಡದಲ್ಲಿ ಬರೆದ ಗುಟ್ಟು

ನಮ್ಮ ಕನ್ನಡ ಸಂಘದ ವಧೂವರರ ಪಟ್ಟಿ ಏಳು ವರ್ಷ ನನ್ನ ಲ್ಯಾಪ್‌ಟಾಪಿನಲ್ಲಿತ್ತು. ಪ್ರತಿ ಹೆಸರಿನ ಮುಂದೆ ನನ್ನದೊಂದು ಖಾಸಗಿ ಷರಾ. ಅದು ಹೊರಬಿದ್ದರೆ ನಾನು ಮುಂಬೈ ಪಕ್ಕದ ಈ ಡೊಂಬಿವಲಿಯಲ್ಲಿ ತಲೆಯೆತ್ತಿ ತಿರುಗುವಂತಿರಲಿಲ್ಲ. ಹಾಗಾಗಿ ಎಲ್ಲವನ್ನೂ ಡಿಲೀಟ್ ಮಾಡಿ, ರೀಸೈಕಲ್ ಬಿನ್ನನ್ನೂ ಖಾಲಿ ಮಾಡಿಯೇ ಲ್ಯಾಪ್‌ಟಾಪನ್ನು ಉಲ್ಹಾಸನಗರದ ಗುಜರಿ ಅಂಗಡಿಗೆ ಒಯ್ದೆ.

"ಡಿಲೀಟ್ ಮಾಡಿದ್ದು ಎಲ್ಲೂ ಹೋಗಿರಲ್ಲ ಸಾಹೇಬ್" ಎಂದು ಅಂಗಡಿಯವನು ಹಿಂದಿಯಲ್ಲಿ ಹೇಳಿ, ನಾನು ಚಹಾ ಮುಗಿಸುವುದರೊಳಗೆ ಇಡೀ ಪಟ್ಟಿಯನ್ನು ಪರದೆಗೆ ತಂದ. ಆದರೂ, ಇಲ್ಲಿ ಕನ್ನಡ ಓದುವವರು ಯಾರಿದ್ದಾರೆ ಎಂದು ಸಮಾಧಾನ ಮಾಡಿಕೊಂಡೆ.

ಪಕ್ಕದಲ್ಲಿ ವೈರು ಬಿಡಿಸುತ್ತಿದ್ದ ಹೆಂಗಸು ಕತ್ತು ಚಾಚಿ ಓದಿದಳು. "'ಹುಡುಗ ತಾಯಿ ಹೇಳಿದಂತೆ ಕೇಳುತ್ತಾನೆ.' ಇದು ಹೊಗಳಿದ್ದೇನ್ರೀ, ಬೈದದ್ದೋ?"

"ನೀವು ಕನ್ನಡದವರಾ?" ಎಂದೆ.

"ಬಿಜಾಪುರದಾಕಿ ರೀ. ಇಲ್ಲಿ 'ಹುಡುಗಿಯ ತಂದೆಗೆ ಬಾಯಿ ಜಾಸ್ತಿ' ಅಂತ ಬರದೀರಿ. ಮುಂದ ಫೋನ್ ನಂಬರೂ ಐತಿ. ಅವರಿಗೆ ಗೊತ್ತೇನ್ರೀ?"

ನಾನು ಎದುರಿಗೆ ನಿಂತು ಹಾರ್ಡ್ ಡಿಸ್ಕಿಗೆ ನಾಲ್ಕು ತೂತು ಕೊರೆಸಿದೆ. "ಇನ್ನು ದೇವರಿಗೂ ಓದೋಕಾಗಲ್ಲ" ಎಂದ ಅಂಗಡಿಯವನು.

ಅಷ್ಟರಲ್ಲಿ ಆಕೆ ಮೂರು ಪುಟ ಓದಿ ಮುಗಿಸಿದ್ದಳು. ಅದನ್ನು ಅಳಿಸಲು ಮಾತ್ರ ಅವನ ಅಂಗಡಿಯಲ್ಲಿ ಯಾವ ಯಂತ್ರವೂ ಇರಲಿಲ್ಲ.